ಲಿಸ್ಬನ್‌ನ ಕಲ್ಲಿನ ಮೇಲ್ಗಾಲುವೆ: ದುಡ್ಡು ಕೊಟ್ಟವರು ಯಾರು, ಹೆಸರು ಯಾರದ್ದು?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದೋದೇ ಇಷ್ಟ ಅನ್ನೋರಿಗೆ ಎಂದಿನಂತೆ ಈ ಬರಹ. ಮಾತಾಡುವಾಗ ಬಿಟ್ಟುಹೋದ ಒಂದಷ್ಟು ವಿಷಯ ಇಲ್ಲಿ ಸೇರಿಸಿದ್ದೀನಿ, ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೀನಿ.

ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ನಲ್ಲಿ ಅಮೊರೈರಾಸ್ ಅಂತ ಒಂದು ಬಡಾವಣೆ ಇದೆ. ಆ ಮಾತಿಗೆ ಹಿಪ್ಪುನೇರಳೆ ಮರಗಳು ಅಂತ ಅರ್ಥ. ಹಿಂದೆ ಪಕ್ಕದಲ್ಲೇ ಅರಸರ ರೇಷ್ಮೆ ಕಾರ್ಖಾನೆ ಇತ್ತು. ರಾಮನಗರ ಕಡೆಯವರು ಈ ಹೆಸರು ಕೇಳಿದರೆ ಒಂದು ನಗು ನಗಬಹುದು. ಆ ಬಡಾವಣೆಯಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಕಲ್ಲಿನ ಕಮಾನು ನಿಂತಿದೆ. 1748ರಲ್ಲಿ ನಗರಕ್ಕೆ ಕುಡಿಯುವ ನೀರು ಬಂದ ನೆನಪಿಗೆ ಕಟ್ಟಿದ್ದು. ಕಮಾನಿನ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಒಂದು ಬರಹ ಇದೆ. ಈಗ ಅಲ್ಲಿ ಓದಲು ಸಿಗುವ ಬರಹ ಮೊದಲು ಇದ್ದದ್ದಲ್ಲ. ಮೊದಲಿದ್ದದ್ದನ್ನು 1773ರಲ್ಲಿ ತೆಗೆಸಿ, ಅದೇ ಜಾಗದಲ್ಲಿ ಬೇರೆ ಮಾತು ಕೆತ್ತಿಸಿದರು. ಹಳೆಯ ಬರಹದಲ್ಲಿ ಏನಿತ್ತು, ಅದನ್ನು ಯಾಕೆ ಅಳಿಸಿದರು ಅನ್ನೋದೇ ಇವತ್ತಿನ ವಿಷಯ. ಅಲ್ಲಿಗೆ ಹೋಗೋಕೆ ಮುಂಚೆ ನೀರಿನ ಕಥೆ ಹೇಳಬೇಕು.

ಆ ನೀರು ತಂದದ್ದು ಆಗ್ವಾಸ್ ಲಿವ್ರೆಸ್ ಮೇಲ್ಗಾಲುವೆ. ಅಕ್ವಡಕ್ಟ್ ಅಂದ್ರೆ ತಟ್ಟನೆ ಗೊತ್ತಾಗಬಹುದು, ಎತ್ತಿನಹೊಳೆ ಯೋಜನೆಯ ಸುದ್ದಿಗಳಲ್ಲಿ ಈ ಪದ ಕೇಳಿರ್ತೀರಿ. ತಗ್ಗು ಬಂದಲ್ಲಿ ಕಂಬದ ಮೇಲೆ ಸಾಗುವ ಕಾಲುವೆ. ಎತ್ತಿನಹೊಳೆಯದ್ದು ಕಾಂಕ್ರೀಟು, ಇದು ಪೂರಾ ಕಲ್ಲು. ನಗರದ ವಾಯವ್ಯಕ್ಕಿರುವ ಗುಡ್ಡಗಳ ಬುಗ್ಗೆಗಳಿಂದ ಲಿಸ್ಬನ್‌ವರೆಗೆ ಇದರ ಮುಖ್ಯ ಕಾಲುವೆ ಸುಮಾರು 14 ಕಿಲೋಮೀಟರ್. ಆಮೇಲೆ ಸೇರಿಸಿದ ಕವಲುಗಳನ್ನೆಲ್ಲ ಕೂಡಿಸಿದರೆ 58 ಕಿಲೋಮೀಟರ್. ಹೆಚ್ಚಿನ ದಾರಿ ನೆಲದೊಳಗೆ ಅಥವಾ ನೆಲಮಟ್ಟದಲ್ಲೇ ಹೋಗುತ್ತೆ, ಅಲ್ಲಿ ನೋಡೋಕೆ ಏನೂ ಇಲ್ಲ. ಆದರೆ ನಗರ ಇನ್ನೇನು ಸಿಕ್ಕಿತು ಅನ್ನುವಾಗ ಅಲ್ಕಾಂತರಾ ಅನ್ನೋ ಆಳವಾದ ಕಣಿವೆ ಅಡ್ಡ ಬರುತ್ತೆ. ಅಲ್ಲಿ 941 ಮೀಟರ್ ಉದ್ದಕ್ಕೆ 35 ಕಮಾನು ಸಾಲಾಗಿ ನಿಂತಿವೆ. ನಡುವಿನದ್ದು 65 ಮೀಟರ್ ಎತ್ತರ, ಅಂದರೆ ಹೆಚ್ಚುಕಡಿಮೆ ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟ್. ಮುಂಬೈ, ಹೈದರಾಬಾದ್‌ನವರಿಗೆ ಇಪ್ಪತ್ತು ಮಹಡಿ ದೊಡ್ಡದೇನಲ್ಲ, ನಿಜ. ಆದರೆ ಒಳಗೆ ಒಂದು ಸರಳೂ ಇಲ್ಲ, ಸಿಮೆಂಟೂ ಇಲ್ಲ. ಕಲ್ಲು ಮತ್ತು ಸುಣ್ಣದ ಗಾರೆ, ಅಷ್ಟೇ.

ಮೊದಲ ಪ್ರಶ್ನೆ: ಇಷ್ಟು ಕಷ್ಟ ಯಾಕೆ ಬೇಕಿತ್ತು? ಲಿಸ್ಬನ್ ಇರೋದೇ ತೇಜು ನದಿಯ ದಡದಲ್ಲಿ. ನಮ್ಮ ಇಂಗ್ಲಿಷ್ ಪುಸ್ತಕಗಳಲ್ಲಿ ಟೇಗಸ್ ಅಂತ ಇರುತ್ತೆ. ಸಮುದ್ರದ ಹಾಗೆ ಕಾಣುವಷ್ಟು ಅಗಲ. ಆದರೆ ಅದು ಸಮುದ್ರ ಸೇರುವ ಜಾಗ, ಭರತಕ್ಕೆ ಉಪ್ಪುನೀರು ಒಳಗೆ ನುಗ್ಗುತ್ತೆ, ಕುಡಿಯೋಕೆ ಬರಲ್ಲ. ಮಂಗಳೂರು, ಕುಂದಾಪುರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಡಿಯುವ ನೀರಿಗೆ ನಗರ ನಂಬಿಕೊಂಡಿದ್ದದ್ದು ಬಾವಿಗಳನ್ನು ಮತ್ತು ಅಲ್ಫಾಮಾ ಅನ್ನೋ ಹಳೇ ಕೇರಿಯ ಬುಗ್ಗೆಗಳನ್ನು. ಅಲ್ಲಿನ ದೊಡ್ಡ ನೀರುಕಟ್ಟೆಯ ಹೆಸರು ಶಫರೀಜ್ ದೆಲ್ ರೇ, ಅಂದರೆ ಅರಸನ ನಲ್ಲಿ. ಹದಿನಾರನೇ ಶತಮಾನದಲ್ಲಿ ಪೋರ್ಚುಗಲ್ ಜಗತ್ತಿನ ಶ್ರೀಮಂತ ರಾಜ್ಯಗಳಲ್ಲಿ ಒಂದು, ಗೋವಾ ಅವರ ಕೈಯಲ್ಲಿ, ಮಸಾಲೆಯ ವ್ಯಾಪಾರ ಅವರ ಕೈಯಲ್ಲಿ. ಅದೇ ಕಾಲದಲ್ಲಿ ರಾಜಧಾನಿಯ ಈ ನೀರುಕಟ್ಟೆಯಲ್ಲಿ ದಿನಾ ಹೊಡೆದಾಟ. ಜಗಳ ತಾಳಲಾರದೆ 1551ರಲ್ಲಿ ನಗರಸಭೆ ಒಂದು ನಿಯಮ ಮಾಡಿತು: ಯಾವ ಬಾಯಿಯಲ್ಲಿ ಯಾರು ನೀರು ಹಿಡಿಯಬೇಕು ಅಂತ. ಕರಿಯ ಗಂಡಸರಿಗೆ ಬೇರೆ, ಹಡಗಿನಲ್ಲಿ ಹುಟ್ಟು ಹಾಕುವ ಸೆರೆಯಾಳುಗಳಿಗೆ ಬೇರೆ, ಬಿಳಿಯ ಗಂಡಸರಿಗೆ ಬೇರೆ. ಹೆಂಗಸರಲ್ಲೂ ಕರಿಯರಿಗೊಂದು, ಬಿಳಿಯರಿಗೊಂದು. ತಪ್ಪಿದರೆ ದಂಡ ಅಥವಾ ಚಾಟಿಯೇಟು. ಊರ ಬಾವಿಯ ಕಥೆ ಗೊತ್ತಿರುವ ನಮಗೆ ಇದರಲ್ಲಿ ಹೊಸದೇನೂ ಇಲ್ಲ. ನೀರು ಕಡಿಮೆಯಾದ ಕಡೆ ಯಾರು ಮೊದಲು ಅನ್ನೋ ಲೆಕ್ಕ ಎಲ್ಲ ದೇಶದಲ್ಲೂ ಹೀಗೇ ಶುರುವಾಗುತ್ತೆ.

ಗುಡ್ಡದ ನೀರು ತರಬಹುದು ಅನ್ನೋ ಯೋಚನೆಯೂ ಹಳೆಯದು. ರೋಮನ್ನರು ಅದೇ ಬೆಲಾಸ್ ಊರಿನ ಹತ್ತಿರ ಒಂದು ಅಣೆಕಟ್ಟು ಕಟ್ಟಿದ್ದರು, ಅದರ ಗೋಡೆ ಇನ್ನೂ ಉಳಿದಿತ್ತು. 1571ರಲ್ಲಿ ಫ್ರಾನ್ಸಿಸ್ಕೊ ದೆ ಒಲಾಂದಾ ಅನ್ನೋ ಚಿತ್ರಕಾರ, ಲಿಸ್ಬನ್‌ಗೆ ಏನೇನು ಕಟ್ಟಡ ಬೇಕು ಅಂತ ಅರಸನಿಗೊಂದು ಪುಸ್ತಕವನ್ನೇ ಬರೆದುಕೊಟ್ಟ. ಅದರಲ್ಲಿ ಈ ನೀರು ತರುವ ಸಲಹೆಯೂ ಇತ್ತು, ಚಿತ್ರ ಸಮೇತ. ಅರಸ ಓದಿದನೋ ಇಲ್ಲವೋ, ಕೆಲಸವಂತೂ ಆಗಲಿಲ್ಲ. ಮುಂದಿನ ನೂರೈವತ್ತು ವರ್ಷ ಆಗಾಗ ಮಾತು ಏಳುತ್ತೆ, ಬೀಳುತ್ತೆ. ನಮ್ಮ ಕಡೆ ರೈಲು ಮಾರ್ಗದ ಸರ್ವೆ ನಡೆಯುತ್ತಲ್ಲ, ಹಾಗೆ.

ಈಗ ಬರೋಣ ಐದನೆಯ ಜೊವಾಂವ್ ಅರಸನ ಕಾಲಕ್ಕೆ. 1706ರಿಂದ 1750ರವರೆಗೆ ಆಳಿದವನು. ಆ ಹೊತ್ತಿಗೆ ಬ್ರೆಜಿಲ್‌ನಲ್ಲಿ ಚಿನ್ನ ಸಿಕ್ಕಿತ್ತು, ಅದರಲ್ಲಿ ಐದನೇ ಒಂದು ಪಾಲು ಅರಸನಿಗೆ. ಕೈಯಲ್ಲಿ ದುಡ್ಡು ಅಂದ್ರೆ ದುಡ್ಡು. ಆ ದುಡ್ಡು ಎಲ್ಲಿಗೆ ಹೋಯಿತು? 1717ರಲ್ಲಿ ಮಾಫ್ರಾ ಅನ್ನೋ ಊರಲ್ಲಿ ಅರಮನೆ, ಮಠ, ಇಗರ್ಜಿ ಮೂರೂ ಸೇರಿದ ಒಂದು ದೈತ್ಯ ಕಟ್ಟಡ ಶುರುವಾಯಿತು. ಆಮೇಲೆ 1742ರಲ್ಲಿ ಲಿಸ್ಬನ್‌ನ ಸಾವೊ ರೋಕ್ ಇಗರ್ಜಿಗೆ ಒಂದು ಚಿಕ್ಕ ಪ್ರಾರ್ಥನಾ ಮಂದಿರ ಬೇಕು ಅಂತ ರೋಮ್ ನಗರದಲ್ಲಿ ಕೆಲಸಕ್ಕೆ ಹಚ್ಚಿದ. ಅಲ್ಲೇ ಪೂರ್ತಿ ಕಟ್ಟಿ, ಪೋಪ್ ಕೈಯಲ್ಲಿ ಆಶೀರ್ವಾದ ಮಾಡಿಸಿ, ಬಿಚ್ಚಿ, ಹಡಗಿಗೆ ತುಂಬಿ, 1747ರಲ್ಲಿ ಲಿಸ್ಬನ್‌ಗೆ ತಂದು ಮತ್ತೆ ಜೋಡಿಸಿದರು. ಚಿನ್ನ, ಬೆಳ್ಳಿ, ನೀಲಿ ಲಾಜವರ್ದದ ಕಲ್ಲು. ಇಸವಿಗಳನ್ನು ನೆನಪಿಡಿ. ಅದೇ ಐದಾರು ವರ್ಷದಲ್ಲಿ, ಅದೇ ನಗರದ ಇನ್ನೊಂದು ತುದಿಯಲ್ಲಿ ಅಲ್ಕಾಂತರಾ ಕಣಿವೆಯ ಕಮಾನು ಮುಗಿಯುತ್ತಿತ್ತು.

ಆದರೆ ಆ ಕಮಾನಿಗೆ ಈ ಚಿನ್ನ ಬರಲಿಲ್ಲ. ನೀರು ತರಲೇಬೇಕು ಅಂತ ಪಟ್ಟು ಹಿಡಿದವನು ಕ್ಲಾವ್ದಿಯು ಗೊರ್ಜೆಲ್ ದು ಅಮರಾಲ್, ನಗರಸಭೆಯ ಪ್ರತಿನಿಧಿ. ದುಡ್ಡು ಎಲ್ಲಿಂದ ಅನ್ನೋದಕ್ಕೆ ಸಿಕ್ಕ ದಾರಿ ಲಿಸ್ಬನ್‌ನಲ್ಲಿ ಮಾರಾಟವಾಗುವ ಮಾಂಸ, ಆಲಿವ್ ಎಣ್ಣೆ, ವೈನು ಇಂಥವುಗಳ ಮೇಲೆ ಹೊಸ ತೆರಿಗೆ. ಇದನ್ನು ನಮ್ಮ ಲೆಕ್ಕಕ್ಕೆ ತಂದು ನೋಡಿ. ಅವರ ಊಟದಲ್ಲಿ ಎಣ್ಣೆ, ವೈನು ಚೈನಿಯಲ್ಲ. ನಮಗೆ ಅಡುಗೆ ಎಣ್ಣೆ, ಬೇಳೆ, ಬೆಲ್ಲದ ಮೇಲೆ ತೆರಿಗೆ ಹಾಕಿದ ಹಾಗೆ. ಆದಾಯದ ಮೇಲಿನ ತೆರಿಗೆಯಾದರೆ ಇದ್ದವನು ಹೆಚ್ಚು ಕೊಡ್ತಾನೆ. ಎಣ್ಣೆಯ ಮೇಲಿನ ತೆರಿಗೆಯಲ್ಲಿ ಹಡಗು ಮಾಲೀಕ ಎಷ್ಟು ಎಣ್ಣೆ ತಿಂತಾನೋ ಹಡಗಿನ ಕೂಲಿಯೂ ಹೆಚ್ಚುಕಡಿಮೆ ಅಷ್ಟೇ ತಿಂತಾನೆ. ಕೂಲಿಯವನ ದಿನಗೂಲಿಯಲ್ಲಿ ಅದು ದೊಡ್ಡ ತುಂಡು. ಒಂದು ಹನಿ ನೀರು ಬರೋಕೆ ಮುಂಚೆ ಸುಮಾರು ಇಪ್ಪತ್ತು ವರ್ಷ ಜನ ಈ ತೆರಿಗೆ ಕಟ್ಟಿದರು. ಆ ಇಪ್ಪತ್ತು ವರ್ಷದಲ್ಲಿ ತೆರಿಗೆ ಕಟ್ಟಿ, ನೀರು ನೋಡದೆ ಸತ್ತವರು ಎಷ್ಟು ಮಂದಿ ಇದ್ದಿರಬೇಕು ಅಂತ ಒಂದು ಕ್ಷಣ ಯೋಚನೆ ಮಾಡಿ.

ಇನ್ನು ಕಟ್ಟಿದ ಬಗೆ. ನನ್ನ ಎಂಟೆಕ್ ಕಂಪ್ಯೂಟರ್ ಸೈನ್ಸ್, ಸಿವಿಲ್ ಅಲ್ಲ. ಹಾಗಾಗಿ ಈ ಭಾಗವನ್ನು ಸಿವಿಲ್ ಓದಿದ ಗೆಳೆಯನೊಬ್ಬನಿಗೆ ಹೇಳಿ, ಬೈಸಿಕೊಂಡು, ಆಮೇಲೆ ರೆಕಾರ್ಡ್ ಮಾಡಿದ್ದು.

ಇಡೀ ವ್ಯವಸ್ಥೆಯಲ್ಲಿ ಪಂಪ್ ಇಲ್ಲ. ನೀರು ತಾನಾಗಿ ಇಳಿದು ಬರಬೇಕು. ಇಳಿಜಾರು ಜಾಸ್ತಿ ಆದರೆ ನೀರು ಕಲ್ಲನ್ನು ಕೊರೆಯುತ್ತೆ, ಜೊತೆಗೆ ಎತ್ತರ ಬೇಗ ಖರ್ಚಾಗುತ್ತೆ. ಕಡಿಮೆ ಆದರೆ ನಿಲ್ಲುತ್ತೆ, ಹೂಳು ಕೂರುತ್ತೆ. ಎತ್ತರ ಅನ್ನೋದನ್ನು ಪಾಕೆಟ್ ಮನಿ ಥರ ನೋಡಬೇಕು. ಬುಗ್ಗೆಯ ಹತ್ತಿರ ಕೈಗೆ ಸಿಕ್ಕ ಎತ್ತರವನ್ನು ಹದಿನಾಲ್ಕು ಕಿಲೋಮೀಟರ್ ಉದ್ದಕ್ಕೂ ಚೂರು ಚೂರೇ ಖರ್ಚು ಮಾಡಬೇಕು, ನಗರ ಮುಟ್ಟಿದಾಗಲೂ ಸಾಕಷ್ಟು ಉಳಿದಿರಬೇಕು. ಯಾಕಂದ್ರೆ ಲಿಸ್ಬನ್ ಗುಡ್ಡಗಳ ಊರು. ತಗ್ಗಿನಲ್ಲಿ ನೀರು ತಂದು ಬಿಟ್ಟರೆ ಮೇಲಿನ ಕೇರಿಗಳಿಗೆ ಏರಿಸೋಕೆ ಆಗಲ್ಲ. ಮೇಲೆ ತಂದರೆ ಎಲ್ಲ ಕಡೆ ಇಳಿಸಬಹುದು.

ಅಲ್ಕಾಂತರಾ ಕಣಿವೆಯಲ್ಲಿ ಇಳಿದು ಹತ್ತೋಕೆ ಬೇರೆ ದಾರಿ ಇರಲಿಲ್ವಾ? ಇತ್ತು. ಯು ಆಕಾರದ ಕೊಳವೆ ಹಾಕಿದರೆ ಒಂದು ಕಡೆ ಇಳಿದ ನೀರು ಇನ್ನೊಂದು ಕಡೆ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಏರುತ್ತೆ. ಪ್ಲಂಬರ್‌ಗಳು ಲೆವೆಲ್ ನೋಡೋಕೆ ನೀರು ತುಂಬಿದ ಪೈಪ್ ಹಿಡಿಯುತ್ತಾರಲ್ಲ, ಅದೇ ತತ್ವ. ರೋಮನ್ನರು ಫ್ರಾನ್ಸಿನ ಲಿಯಾನ್ ಊರಿಗೆ ಸೀಸದ ಕೊಳವೆಗಳಲ್ಲಿ ಇದನ್ನೇ ಮಾಡಿದ್ದರು. ಆದರೆ ಅರವತ್ತು ಮೀಟರ್ ತಗ್ಗು ಅಂದರೆ ತಳದಲ್ಲಿ ಕೊಳವೆಯ ಮೇಲೆ ಆರು ವಾಯುಭಾರದಷ್ಟು ಒತ್ತಡ. ಎರಕದ ಕಬ್ಬಿಣದ ಪೈಪ್ ಆ ಕಾಲಕ್ಕೆ ಇತ್ತು, ವರ್ಸೈ ಅರಮನೆಯ ತೋಟಕ್ಕೆ ಆಗಲೇ ಹಾಕಿದ್ದರು. ಆದರೆ ಬೆಲೆ ಕೈಗೆಟುಕದ್ದು, ಮತ್ತು ಪ್ರತಿ ಜೋಡಣೆಯೂ ಒಂದು ಸೋರುವ ಜಾಗ. ಕಲ್ಲಿನ ಸೇತುವೆಯ ಮೇಲೆ ತೆರೆದ ಕಾಲುವೆಯಲ್ಲಿ ಹೋದರೆ ಒತ್ತಡವೇ ಇಲ್ಲ. ಸೋರಿದರೆ ಕಣ್ಣಿಗೆ ಕಾಣುತ್ತೆ, ಗಾರೆ ಮೆತ್ತಿದರೆ ಆಯ್ತು. ಕಟ್ಟೋವಾಗ ದುಬಾರಿ, ನಡೆಸೋವಾಗ ಅಗ್ಗ. ಸಾಫ್ಟ್‌ವೇರ್‌ನಲ್ಲಿ ನಾವು ಸಾಮಾನ್ಯವಾಗಿ ಇದರ ಉಲ್ಟಾ ಮಾಡ್ತೀವಿ. ಇರಲಿ.

1731ರಲ್ಲಿ ಕೆಲಸ ಶುರುವಾದಾಗ ಮುಖ್ಯಸ್ಥ ಆಂತೊನಿಯೊ ಕನೆವಾರಿ, ಇಟಲಿಯವನು. ಮಾರನೇ ವರ್ಷವೇ ಅವನನ್ನು ತೆಗೆದು ಪೋರ್ಚುಗೀಸ್ ಸೈನ್ಯದ ಎಂಜಿನಿಯರುಗಳ ಕೈಗೆ ಕೊಟ್ಟರು. ಅವರಲ್ಲಿ ಮುಖ್ಯನಾದವನು ಮಾನುಯೆಲ್ ದ ಮಾಯಾ. ಈ ಹೆಸರು ಮತ್ತೆ ಬರುತ್ತೆ. 1736ರ ಹೊತ್ತಿಗೆ ಅವನ ಜಾಗಕ್ಕೆ ಕುಸ್ತೋದಿಯು ವಿಯೇರಾ ಬಂದ. ಕಣಿವೆಯ ಮೇಲಿನ ಕಮಾನುಗಳ ಕಲ್ಪನೆ ಇವನದ್ದು.

35 ಕಮಾನುಗಳಲ್ಲಿ 21 ಅರ್ಧವೃತ್ತಾಕಾರ, 14 ಮೊನಚು. ಮೊನಚು ಅಂದ್ರೆ ಹಳೇ ಗಾಥಿಕ್ ಇಗರ್ಜಿಗಳ ಕಿಟಕಿಯ ಥರ, ಅಥವಾ ನಮ್ಮ ಬೀದರ್, ಕಲಬುರಗಿಯ ಬಹಮನಿ ಕಟ್ಟಡಗಳ ಬಾಗಿಲಿನ ಥರ, ನೆತ್ತಿಯಲ್ಲಿ ಚೂಪು. ವಿಯೇರಾನ ಕಾಲಕ್ಕೆ ಯುರೋಪಿನಲ್ಲಿ ಇದು ಮುನ್ನೂರು ವರ್ಷ ಹಳೇ ಫ್ಯಾಷನ್. ಹಾಗಾದರೆ ಯಾಕೆ? ಅರ್ಧವೃತ್ತದಲ್ಲಿ ಕಮಾನಿನ ಅಗಲ ಗೊತ್ತಾದರೆ ಅದರ ಏರು ಎಷ್ಟು ಅಂತ ನಿಗದಿಯಾಗಿಬಿಡುತ್ತೆ, ಅಗಲದ ಅರ್ಧ. ಮೊನಚು ಕಮಾನಿನಲ್ಲಿ ಅಗಲ ಅಷ್ಟೇ ಇಟ್ಟುಕೊಂಡು ಇನ್ನೂ ಮೇಲಕ್ಕೆ ಏರಿಸಬಹುದು. ಏರು ಹೆಚ್ಚಿದಷ್ಟೂ ಕಮಾನು ಪಕ್ಕಕ್ಕೆ ತಳ್ಳುವ ಬಲ ಕಡಿಮೆ, ಭಾರ ಹೆಚ್ಚಾಗಿ ನೇರ ಕೆಳಕ್ಕೇ ಇಳಿಯುತ್ತೆ. ಕಣಿವೆಯ ನಡುವೆ ಹಳ್ಳ ಹರಿಯುವ ಜಾಗದಲ್ಲಿ ಅಗಲ ಬೇಕು, ಎತ್ತರವೂ ಬೇಕು. ದೊಡ್ಡ ಕಮಾನಿನ ಅಗಲ ಸುಮಾರು 29 ಮೀಟರ್. ಕಲ್ಲಿನ ಮೊನಚು ಕಮಾನುಗಳಲ್ಲಿ ಜಗತ್ತಿನಲ್ಲೇ ಇದು ಅತಿ ದೊಡ್ಡದು ಅಂತ ಹೇಳ್ತಾರೆ. ಕಮಾನು ಕೂಡುವ ತನಕ ಅಷ್ಟೂ ಕಲ್ಲನ್ನು ಹೊತ್ತು ನಿಲ್ಲೋಕೆ ಕೆಳಗೆ ಮರದ ಚೌಕಟ್ಟು ಬೇಕು. ಅದನ್ನು ಅಷ್ಟು ಎತ್ತರದಲ್ಲಿ ಕಟ್ಟಿದ ಬಡಗಿಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ, ಹಳೇ ಬರಹದಲ್ಲೂ ಇರಲಿಲ್ಲ. 1744ರಲ್ಲಿ ಕಣಿವೆಯ ಕಮಾನುಗಳು ಮುಗಿದವು.

ಎರಡು ವರ್ಷದ ಹಿಂದೆ ಕಂಪನಿ ಕೆಲಸದ ಮೇಲೆ ನಾಲ್ಕು ದಿನ ಲಿಸ್ಬನ್‌ನಲ್ಲಿದ್ದೆ. ಕೊನೇ ದಿನ ಮಧ್ಯಾಹ್ನ ಬಿಡುವು ಸಿಕ್ಕಿತು. ಈ ಸೇತುವೆಯ ಮೇಲೆ ಟಿಕೆಟ್ ತಗೊಂಡು ನಡೆಯಬಹುದು. ನಡುವೆ ಉದ್ದಕ್ಕೂ ಒಂದು ಕಲ್ಲಿನ ಕೋಣೆಯಂಥ ಓಣಿ, ಅದರೊಳಗೆ ಎರಡೂ ಬದಿಗೆ ಒಂದೊಂದು ಕಲ್ಲಿನ ದೋಣಿ, ನಡುವೆ ಆಳು ನಡೆಯುವಷ್ಟು ಜಾಗ. ಒಂದು ದೋಣಿ ಕೆಟ್ಟರೂ ಇನ್ನೊಂದರಲ್ಲಿ ನೀರು ಹರಿಯಬಹುದು. ನಮ್ಮ ಸರ್ವರ್‌ಗಳಲ್ಲಿ ಮಾಡುವ ಹಾಗೆ, ಸದಾ ಒಂದು ಜೋಡಿ ಇಟ್ಟಿದ್ದಾರೆ. ಮೇಲೆ ಅಲ್ಲಲ್ಲಿ ಗಾಳಿಗೆ ಚಿಕ್ಕ ಗೋಪುರಗಳು. ನಾವು ನಡೆಯೋದು ಓಣಿಯ ಹೊರಗೆ, ಪಕ್ಕದ ಗೋಡೆಯಂಚಿನ ಹಾದಿಯಲ್ಲಿ. ಕೆಳಗೆ ರೈಲು, ಎಕ್ಸ್‌ಪ್ರೆಸ್ ರಸ್ತೆ, ಕಾರುಗಳೆಲ್ಲ ಕಮಾನಿನ ಕಾಲುಗಳ ಮಧ್ಯೆಯೇ ಓಡ್ತವೆ. ಹಳ್ಳ ಕಾಣಲ್ಲ, ಅದರ ಮೇಲೆ ರಸ್ತೆ ಬಂದಿದೆ. ಅಂದ ಹಾಗೆ ಅಲ್ಕಾಂತರಾ ಅನ್ನೋ ಹೆಸರು ಅರಬ್ಬಿಯದು, ಸೇತುವೆ ಅಂತಲೇ ಅರ್ಥ. ಈ ಸೇತುವೆ ಬರೋಕೆ ಎಷ್ಟೋ ಶತಮಾನ ಮುಂಚೆ ಇನ್ಯಾವುದೋ ಸೇತುವೆಯಿಂದ ಬಂದ ಹೆಸರು.

1748ರಲ್ಲಿ ನೀರು ನಗರ ಮುಟ್ಟಿತು. ಕೆಲಸ ಇನ್ನೂ ಬಾಕಿ ಇತ್ತು, ಆದರೂ ನೀರು ಬಂತು. ಆಗ ಕಟ್ಟಿದ್ದೇ ಶುರುವಿನಲ್ಲಿ ಹೇಳಿದ ಅಮೊರೈರಾಸ್‌ನ ಕಮಾನು, ಹಂಗೇರಿಯ ಮೂಲದ ಕಾರ್ಲೋಸ್ ಮಾರ್ದೆಲ್ ಮಾಡಿದ್ದು. ಅದರ ಮೇಲಿನ ಮೊದಲ ಬರಹದ ಸಾರ ಹೀಗಿತ್ತು: ಜೊವಾಂವ್ ಅರಸ ಆಳುತ್ತಿದ್ದಾಗ ಲಿಸ್ಬನ್‌ನ ನಗರಸಭೆ ಮತ್ತು ಜನರು, ಜನರದ್ದೇ ಖರ್ಚಿನಲ್ಲಿ, ಎರಡು ಶತಮಾನದಿಂದ ಬಯಸಿದ್ದ ನೀರನ್ನು, ಇಪ್ಪತ್ತು ವರ್ಷ ಬೆಟ್ಟ ಕಡಿದು, ಕೊರೆದು, ಒಂಬತ್ತು ಸಾವಿರ ಹೆಜ್ಜೆ ದೂರದಿಂದ ತಂದರು. ಹೆಜ್ಜೆ ಅಂದ್ರೆ ರೋಮನ್ನರ ಜೋಡಿ ಹೆಜ್ಜೆ, ಸುಮಾರು ಒಂದೂವರೆ ಮೀಟರ್. ಗುಣಿಸಿ ನೋಡಿ, ಹದಿಮೂರೂವರೆ ಕಿಲೋಮೀಟರ್ ಬರುತ್ತೆ. ಲೆಕ್ಕ ಸರಿಯಾಗಿದೆ. ಎರಡು ಶತಮಾನ ಅನ್ನೋದೂ ಹೆಚ್ಚುಕಡಿಮೆ ಸರಿ. ಅರಸನಿಗೂ ಹೊಗಳಿಕೆ ಇದೆ, ಆದರೆ ವಾಕ್ಯದ ಕರ್ತೃ ಅವನಲ್ಲ. ಅವನು ಕಾಲ ಹೇಳೋಕೆ ಬಂದಿದ್ದಾನೆ. ತಂದವರು ಜನ, ಕೊಟ್ಟವರು ಜನ.

ಏಳು ವರ್ಷದ ಮೇಲೆ, 1755ರ ನವೆಂಬರ್ 1ನೇ ತಾರೀಖು ಬೆಳಿಗ್ಗೆ ಭೂಕಂಪ. ಸಕಲ ಸಂತರ ಹಬ್ಬ, ಜನ ಇಗರ್ಜಿಗಳಲ್ಲಿ ತುಂಬಿದ್ದರು. ಭೂಮಿ ನಡುಗಿತು, ಸಮುದ್ರ ಉಕ್ಕಿ ಬಂತು, ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ. ಬೈಶಾ ಅನ್ನೋ ನಡುನಗರ ನದಿಯ ಮೆಕ್ಕಲು ಮಣ್ಣಿನ ಮೇಲಿತ್ತು, ಅದು ಪೂರ್ತಿ ನೆಲಸಮ. ಅರಮನೆ ಹೋಯಿತು, ಹೊಸದಾಗಿ ಕಟ್ಟಿದ್ದ ಅಪೆರಾ ಮಂದಿರ ಹೋಯಿತು. ಅಲ್ಕಾಂತರಾದ 35 ಕಮಾನುಗಳು ನಿಂತೇ ಇದ್ದವು. ಗಟ್ಟಿ ಬಂಡೆಯ ಮೇಲಿನ ಪಾಯ ಒಂದು ಕಾರಣ, ಭಾರವನ್ನು ನೇರ ಇಳಿಸುವ ಕಮಾನು ಇನ್ನೊಂದು ಕಾರಣ ಅನ್ನೋದು ನನ್ನ ಗೆಳೆಯನ ಮಾತು.

ಮಾನುಯೆಲ್ ದ ಮಾಯಾ ನೆನಪಿದ್ದಾನಲ್ಲ? ಆಗ ಅವನಿಗೆ 78 ವರ್ಷ. ರಾಜ್ಯದ ಮುಖ್ಯ ಎಂಜಿನಿಯರ್, ಜೊತೆಗೆ ರಾಜ್ಯದ ದಫ್ತರಖಾನೆಯಾದ ತೋರೆ ದು ತೊಂಬುವಿನ ಮೇಲ್ವಿಚಾರಕ. ಕುಸಿದ ಗೋಪುರದಡಿಯಿಂದ ಶತಮಾನಗಳ ಕಾಗದಪತ್ರ ತೆಗೆಸಿ, ಮರದ ಶೆಡ್ಡು ಹಾಕಿಸಿ ಕಾಪಾಡಿದ. ತಿಂಗಳು ತುಂಬಿದ ಕೂಡಲೇ ನಗರವನ್ನು ಹೇಗೆ ಮತ್ತೆ ಕಟ್ಟಬೇಕು ಅಂತ ವರದಿ ಬರೆಯೋಕೆ ಕೂತ. ಇವತ್ತು ಲಿಸ್ಬನ್ ನಡುನಗರದಲ್ಲಿ ನೋಡುವ ನೇರ ರಸ್ತೆಗಳಿಗೆ, ಗೋಡೆಯೊಳಗೆ ಮರದ ಪಂಜರ ಇಟ್ಟು ಕಟ್ಟಿದ ಮನೆಗಳಿಗೆ ಮೂಲ ಆ ಕೆಲಸ. ಮಾರ್ದೆಲ್ ಕೂಡ ಅದರಲ್ಲಿದ್ದ. ನೀರಿನ ಕೆಲಸದಲ್ಲಿ ಪಳಗಿದ ಅದೇ ಕೈಗಳು ನಗರ ಕಟ್ಟೋಕೂ ಬಂದವು.

ಈ ಪುನರ್ನಿರ್ಮಾಣವನ್ನೆಲ್ಲ ನಡೆಸಿದ ಮಂತ್ರಿಯ ಹೆಸರು ಚರಿತ್ರೆ ಪುಸ್ತಕಗಳಲ್ಲಿ ಪೊಂಬಾಲ್‌ನ ಮಾರ್ಕ್ವಿಸ್ ಅಂತ. ಸಮರ್ಥ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಲೆಕ್ಕದಲ್ಲಿ ರಾಜ್ಯದಲ್ಲಿ ಆಗುವ ಎಲ್ಲ ಒಳ್ಳೆಯದೂ ಸಿಂಹಾಸನದಿಂದಲೇ ಇಳಿದು ಬರಬೇಕು. ಜೊವಾಂವ್ ತೀರಿಹೋಗಿ ಇಪ್ಪತ್ಮೂರು ವರ್ಷ ಆಗಿತ್ತು, ಮಗ ಜೊಸೆ ಆಳುತ್ತಿದ್ದ. 1773ರಲ್ಲಿ ಅಮೊರೈರಾಸ್ ಕಮಾನಿನ ಬರಹ ತೆಗೆಸಿದ. ಹೊಸ ಬರಹದ ಸಾರ: ಅರಸರಲ್ಲೇ ಉತ್ತಮನಾದ ಜೊವಾಂವ್, ಆರೋಗ್ಯಕರ ನೀರನ್ನು ಶಾಶ್ವತವಾಗಿ ಉಳಿಯುವಂಥ ಕಾಲುವೆಗಳಲ್ಲಿ ಲಿಸ್ಬನ್‌ಗೆ ತರಿಸಿದ, ಖರ್ಚು ಮಿತವಾಗಿತ್ತು, ಎಲ್ಲರೂ ಮನಸಾರೆ ಮೆಚ್ಚಿದರು.

ಒಂಬತ್ತು ಸಾವಿರ ಹೆಜ್ಜೆ ಹೊಸ ಬರಹದಲ್ಲೂ ಉಳಿದಿದೆ. ಎಂಜಿನಿಯರಿಂಗ್ ಅಂಕಿ ಉಳಿಯಿತು, ದುಡ್ಡು ಕೊಟ್ಟವರು ಹೋದರು. ಗಿಟ್ ಬಳಸುವವರಿಗೆ ಒಂದೇ ಮಾತು: ಕೋಡ್ ಹಾಗೇ ಇದೆ, ಆಥರ್ ಹೆಸರು ಬದಲಾಯಿಸಿ ಫೋರ್ಸ್ ಪುಶ್ ಮಾಡಿದ್ದಾರೆ. ನನಗೆ ಇದರಲ್ಲಿ ಹೆಚ್ಚು ಕಾಡೋದು ಅರಸನ ಹೊಗಳಿಕೆ ಅಲ್ಲ, ಅದು ಎಲ್ಲ ಕಡೆ ಇದ್ದದ್ದೇ. ಖರ್ಚು ಮಿತವಾಗಿತ್ತು ಅನ್ನೋ ಮಾತು ಕಾಡುತ್ತೆ. ಯಾರ ಜೇಬಿನಿಂದ ಹೋಯಿತೋ ಅವರ ಹೆಸರು ಅಳಿಸಿದ ಮೇಲೆ ಎಷ್ಟು ಹೋಯಿತು ಅನ್ನೋದನ್ನು ಹೇಗೆ ಬೇಕಾದರೂ ಹೇಳಬಹುದು. ಕನ್ನಡ ಶಾಸನಗಳ ಕೊನೆಗೆ ಒಂದು ಶಾಪ ಇರುತ್ತಲ್ಲ, ಈ ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ದಡದಲ್ಲಿ ಕಪಿಲೆ ಹಸುವನ್ನು ಕೊಂದ ಪಾಪ ಬರಲಿ ಅಂತ. ಚಿಕ್ಕವನಿದ್ದಾಗ ಅದು ಬರೀ ಅಲಂಕಾರ ಅಂದುಕೊಂಡಿದ್ದೆ. ಕೆತ್ತಿದ್ದನ್ನು ಕೆಡಿಸುವವರು ಬಂದೇ ಬರ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು ಅನ್ಸುತ್ತೆ.

ಅದೃಷ್ಟಕ್ಕೆ ಹಳೇ ಬರಹದ ಪಾಠ ಕಾಗದದಲ್ಲಿ ಉಳಿದಿತ್ತು, ಅದಕ್ಕೇ ಇವತ್ತು ನಾವು ಎರಡನ್ನೂ ಅಕ್ಕಪಕ್ಕ ಇಟ್ಟು ಓದಬಹುದು.

ಇಷ್ಟೆಲ್ಲ ಆಗಿ ನೀರು ಯಾರಿಗೆ ಸಿಕ್ಕಿತು? ಆಗ್ವಾಸ್ ಲಿವ್ರೆಸ್ ಅಂದ್ರೆ ಸ್ವತಂತ್ರ ನೀರು. ಅಡ್ಡಿಯಿಲ್ಲದೆ ಹರಿಯುವ ಬುಗ್ಗೆಗೆ ಇದ್ದ ಹೆಸರು, ಬಿಟ್ಟಿ ನೀರು ಅಂತಲ್ಲ. ಅರಸರು ಮಠಗಳಿಗೆ, ದೊಡ್ಡ ಮನೆತನಗಳಿಗೆ ನೇರ ನೀರು ಮಂಜೂರು ಮಾಡಿದರು. ಉಳಿದವರಿಗೆ ಕೇರಿ ಕೇರಿಗಳಲ್ಲಿ ಹೊಸ ನೀರುಕಟ್ಟೆಗಳು ಬಂದವು. ಕಟ್ಟೆಗೆ ಹೋದರೆ ದುಡ್ಡಿಲ್ಲ, ಆದರೆ ಮನೆಗೆ ಬೇಕಂದ್ರೆ ಹೊರುವವನಿಗೆ ಕೊಡಬೇಕು. ಹೊರುವವರು ಹೆಚ್ಚಾಗಿ ಸ್ಪೇನ್‌ನ ಗಲೀಸಿಯಾ ಪ್ರಾಂತದಿಂದ ದುಡಿಯೋಕೆ ಬಂದ ಬಡವರು. ಮರದ ಪೀಪಾಯಿ ಹೆಗಲಿಗೇರಿಸಿ, ಕೂಗುತ್ತಾ, ಮೂರು ನಾಲ್ಕು ಮಹಡಿ ಹತ್ತಿ ನೀರು ಹಾಕುತ್ತಿದ್ದರು. ಒಂದೊಂದು ಕಟ್ಟೆಗೂ ಇಂತಿಷ್ಟು ಜನರ ಗುಂಪು ಅಂತ ನಗರಸಭೆಯ ಕಟ್ಟುಪಾಡು. ನಗರದಲ್ಲಿ ಎಲ್ಲಾದರೂ ಬೆಂಕಿ ಬಿದ್ದರೆ ಪೀಪಾಯಿ ಸಮೇತ ಓಡಲೇಬೇಕು, ಇಲ್ಲದಿದ್ದರೆ ದಂಡ. ಊರು ಬಿಟ್ಟು ಬಂದವರು, ಭಾಷೆ ಬೇರೆ, ಮಾತಿನ ಧಾಟಿಗೆ ಜನ ನಗೋರು, ಆದರೆ ಅವರಿಲ್ಲದೆ ಊರಿನ ಒಲೆ ಹತ್ತುತ್ತಿರಲಿಲ್ಲ. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಹುಡುಗರಾಗಿ ಬಂದು ದುಡಿದ ನಮ್ಮವರ ಹಿಂದಿನ ತಲೆಮಾರಿಗೆ ಈ ಬದುಕು ಗುರುತು ಹತ್ತುತ್ತೆ.

ದಿಯೋಗು ಆಲ್ವೆಸ್ ಬಗ್ಗೆ ಕೇಳಿದವರಿಗೆ ಒಂದೇ ಸಾಲು. ಅವನೂ ಗಲೀಸಿಯಾದವನೇ, 1830ರ ದಶಕದಲ್ಲಿ ಈ ಸೇತುವೆಯ ಮೇಲೆ ನಡೆಯುವವರನ್ನು ದೋಚಿ ಕೆಳಗೆ ತಳ್ಳುತ್ತಿದ್ದ ಅನ್ನೋ ಕಥೆ ಪ್ರಸಿದ್ಧ, ಆದರೆ 1841ರಲ್ಲಿ ಅವನನ್ನು ನೇಣಿಗೆ ಹಾಕಿದ್ದು ಬೇರೆ ಕೊಲೆಗಳಿಗೆ. ಯೂಟ್ಯೂಬ್‌ನಲ್ಲಿ ಈ ಮೇಲ್ಗಾಲುವೆಯ ಹೆಸರು ಹುಡುಕಿದರೆ ಮೊದಲು ಬರೋದು ಅವನ ಮುಖವೇ, ಯಾಕಂದ್ರೆ ಅವನ ತಲೆಯನ್ನು ವೈದ್ಯಕೀಯ ಕಾಲೇಜಿನಲ್ಲಿ ಗಾಜಿನ ಜಾಡಿಯಲ್ಲಿ ಇಟ್ಟಿದ್ದಾರೆ. ಇಪ್ಪತ್ತು ವರ್ಷ ತೆರಿಗೆ ಕಟ್ಟಿದವರ ಮುಖ ಎಲ್ಲೂ ಬರಲ್ಲ.

ನೀರು ಬಂದು ಸೇರುವ ಜಾಗ ಮಾಯ್ ದಾಗ್ವಾ, ಅಂದರೆ ನೀರಿನ ತಾಯಿ. ಇದೂ ಮಾರ್ದೆಲ್‌ನ ವಿನ್ಯಾಸ. 1834ರಲ್ಲಿ ಮುಗಿಯಿತು, ಅಷ್ಟು ಹೊತ್ತಿಗೆ ಮಾರ್ದೆಲ್ ಸತ್ತು ಎಪ್ಪತ್ತು ವರ್ಷ ಆಗಿತ್ತು. ಒಳಗೆ ಹೋದರೆ ಕಂಬಗಳ ಮಧ್ಯೆ ಕಪ್ಪಗೆ ತಣ್ಣಗೆ ನಿಂತ ನೀರು, ದೇವಸ್ಥಾನದ ಕಲ್ಯಾಣಿಗೆ ಮಾಡು ಹಾಕಿದ ಹಾಗೆ. ಹಿಡಿಯೋದು 55 ಲಕ್ಷ ಲೀಟರ್. ನಮ್ಮ ಲೆಕ್ಕಕ್ಕೆ ಹತ್ತು ಸಾವಿರ ಲೀಟರಿನ 550 ಟ್ಯಾಂಕರ್. ಪುಣೆಯಲ್ಲಿ ನಮ್ಮ ಸೊಸೈಟಿಗೆ ಮೇ ತಿಂಗಳಲ್ಲಿ ಬರುವ ಟ್ಯಾಂಕರ್‌ಗಳ ಲೆಕ್ಕ ಇಡೋ ಕೆಲಸ ನನ್ನದೇ. ಹಾಗಾಗಿ ನಾನು ಎಲ್ಲ ನೀರನ್ನೂ ಟ್ಯಾಂಕರ್‌ನಲ್ಲೇ ಅಳೆಯೋದು. ಇಡೀ ರಾಜಧಾನಿಗೆ ಅದು ಯಾವತ್ತೂ ಸಾಲಲಿಲ್ಲ. ಬೇಸಿಗೆಯಲ್ಲಿ ಬುಗ್ಗೆ ಸೊರಗುತ್ತಿತ್ತು. ಅದಕ್ಕೇ ಕವಲು ಸೇರಿಸಿ ಸೇರಿಸಿ 58 ಕಿಲೋಮೀಟರ್ ಆದದ್ದು. ಕೊನೆಗೆ 1880ರಲ್ಲಿ ಅಲ್ವಿಯೆಲಾ ನದಿಯ ಮೂಲದಿಂದ 114 ಕಿಲೋಮೀಟರ್ ಕಾಲುವೆ ತಂದು, ಹಬೆ ಯಂತ್ರದ ಪಂಪ್ ಇಟ್ಟು ನೀರನ್ನು ಗುಡ್ಡಕ್ಕೇರಿಸಿದರು. ಮನೆ ಮನೆಗೆ ನಲ್ಲಿ ಬಂತು, ಗಲೀಸಿಯಾದವರ ಕೂಗು ನಿಂತಿತು. ಹಳೇ ಮೇಲ್ಗಾಲುವೆ ಮಾತ್ರ 1960ರ ದಶಕದ ಕೊನೆಯವರೆಗೂ ನೀರು ಹರಿಸುತ್ತಲೇ ಇತ್ತು. ಇನ್ನೂರಿಪ್ಪತ್ತು ವರ್ಷದ ಸೇವೆ. ಶಾಶ್ವತವಾಗಿ ಉಳಿಯುವಂಥದ್ದು ಅಂತ ಪೊಂಬಾಲ್ ಬರೆಸಿದ್ದರಲ್ಲಿ ಆ ಒಂದು ಮಾತನ್ನು ಒಪ್ಪಬಹುದು.

ಲಿಸ್ಬನ್‌ಗೆ ಹೋಗುವವರಿದ್ದರೆ ಹೀಗೆ ಮಾಡಿ. ಮೊದಲು ಸಾವೊ ರೋಕ್ ಇಗರ್ಜಿಗೆ ಹೋಗಿ ರೋಮ್‌ನಿಂದ ಹಡಗಿನಲ್ಲಿ ಬಂದ ಆ ಚಿಕ್ಕ ಮಂದಿರ ನೋಡಿ, ನಿಜಕ್ಕೂ ಬಹಳ ಚೆನ್ನಾಗಿದೆ. ಅಲ್ಲಿಂದ ಅರ್ಧ ಗಂಟೆ ಏರುದಾರಿ ನಡೆದರೆ ಅಮೊರೈರಾಸ್. ಕಮಾನಿನ ಕೆಳಗೆ ನಿಂತು ತಲೆ ಎತ್ತಿದರೆ ಲ್ಯಾಟಿನ್ ಅಕ್ಷರಗಳು ಕಾಣುತ್ತವೆ. ಅದು ಇವತ್ತಿಗೂ 1773ರ ಬರಹವೇ.

ಮುಂದಿನ ವಿಡಿಯೋ ಪುಣೆಯದ್ದು. ಲಿಸ್ಬನ್‌ಗೆ ನೀರು ಬಂದ ಕಾಲದಲ್ಲೇ ನಾನಾಸಾಹೇಬ್ ಪೇಶ್ವೆ ಕಾತ್ರಜ್ ಕೆರೆಯಿಂದ ಶನಿವಾರವಾಡದವರೆಗೆ ನೆಲದಡಿಯಲ್ಲಿ ಕಾಲುವೆ ತಂದಿದ್ದ, ಪೇಟೆಗಳಲ್ಲಿ ಹೌದುಗಳನ್ನು ಕಟ್ಟಿಸಿದ್ದ. ಪುಣೆಯಲ್ಲಿರುವವರು ನಿಮ್ಮ ಪೇಟೆಯಲ್ಲಿ ಹಳೇ ಹೌದು ಉಳಿದಿದ್ದರೆ ಒಂದು ಫೋಟೋ ಕಳಿಸಿ.